ಹಂಪಿ ಬಜಾರಿನಲ್ಲಿ ಎರಡೇ ಋತು

ಋತುಗಳೆಷ್ಟು ಎಂದು ಕೇಳಿದೆ. ಅವಳು ಎರಡು ಬೆರಳು ತೋರಿಸಿದಳು. ನಾನು ಫೈಲಿನಲ್ಲಿ ತಪ್ಪು ಗುರುತು ಹಾಕಿದೆ.

ಹುಡುಗಿಗೆ ಆಗ ಹನ್ನೊಂದು ವರ್ಷ. ಡೌನ್ ಸಿಂಡ್ರೋಮ್ ಇರುವ ಮಗು, ಮಾತು ಕಡಿಮೆ, ಸನ್ನೆ ಜಾಸ್ತಿ. ಅವಳ ಅವ್ವ ವಿರೂಪಾಕ್ಷ ಗುಡಿಯ ಮುಂದೆ ಕಾಯಿ, ಬಾಳೆಹಣ್ಣು ಮಾರುವವಳು. 2011ರ ಜುಲೈನಲ್ಲಿ ಹಂಪಿ ಬಜಾರಿನ ಕಲ್ಲುಮಂಟಪಗಳಲ್ಲಿದ್ದ ಮನೆ, ಅಂಗಡಿಗಳನ್ನು ತೆರವು ಮಾಡಿದಾಗ ಎದ್ದುಹೋದ ಕುಟುಂಬಗಳಲ್ಲಿ ಅವರದೂ ಒಂದು. ಈಗ ಕಡ್ಡಿರಾಂಪುರದಲ್ಲಿ ತಗಡಿನ ಮನೆ. ವ್ಯಾಪಾರ ಮಾತ್ರ ಇಲ್ಲೇ. ನಾನು ಮನೆಮನೆಗೆ ಹೋಗಿ ಪಾಠ ಮಾಡುವ ವಿಶೇಷ ಶಿಕ್ಷಕ. ಅವತ್ತಿನ ನನ್ನ ಗುರಿ, ಫೈಲಿನ ಪ್ರಕಾರ, ‘ಮಗು ಋತುಗಳನ್ನು ಗುರುತಿಸುತ್ತದೆ’.

ತಪ್ಪು ಹಾಕಿದ್ದನ್ನು ನೋಡಿ ಅವಳವ್ವ ನಕ್ಕಳು. “ಆಕಿ ಹೇಳಿದ್ದು ಖರೇನ ಐತ್ರಿ ಸರ್ರ. ನಮಗ ಎರಡ. ಸೀಜನ್ನು, ಆಫ್ ಸೀಜನ್ನು.”

ನಾನೂ ನಕ್ಕೆ. ನಕ್ಕು ಚೀಲದಿಂದ ಚಾರ್ಟು ತೆಗೆದು ಗೋಡೆಗೆ ಒರಗಿಸಿ, ವಸಂತ, ಗ್ರೀಷ್ಮ, ವರ್ಷ, ಶರತ್, ಹೇಮಂತ, ಶಿಶಿರ ಎಂದು ಬೆರಳಿಟ್ಟು ಹೇಳಿಸತೊಡಗಿದೆ. ಇವತ್ತು ನೆನೆದರೆ ನಾಚಿಕೆಯಾಗುತ್ತದೆ. ಆ ಮಗು ತನ್ನ ಕಣ್ಣೆದುರು ತಿರುಗುವ ವರ್ಷವನ್ನು ತಾನೇ ಎರಡು ಭಾಗ ಮಾಡಿಕೊಂಡಿತ್ತು. ಬೆಳಗಿನ ಜಾವ ಸ್ವೆಟರ್ ಹಾಕುವ, ಅವ್ವ ಬೇಗ ಎದ್ದು ಹೋಗುವ, ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ನಿಲ್ಲುವ, ಕಪ್ಪು ಬಟ್ಟೆಯ ಅಯ್ಯಪ್ಪ ಮಾಲಾಧಾರಿಗಳು ಬರುವ ದಿನಗಳು ಒಂದು. ಬಂಡೆಗಳು ಕಾಯ್ದು ಬರಿಗಾಲು ಇಡಲಾಗದ, ಅವ್ವ ಮಧ್ಯಾಹ್ನಕ್ಕೇ ಬುಟ್ಟಿ ಮುಚ್ಚಿ ಬರುವ, ಆಮೇಲೆ ನದಿ ಏರಿ ದೋಣಿ ನಿಲ್ಲುವ ದಿನಗಳು ಇನ್ನೊಂದು. ಮತ್ತೆ ಮತ್ತೆ ಬರುವ, ಗುರುತುಗಳಿಂದ ಹಿಡಿಯಬಹುದಾದ ಕಾಲಖಂಡವನ್ನೇ ಅಲ್ಲವೇ ಋತು ಅನ್ನುವುದು? ಬುದ್ಧಿಮಾಂದ್ಯ ಎಂದು ಪ್ರಮಾಣಪತ್ರ ಪಡೆದ ಮಗು ಆ ಕೆಲಸ ಮಾಡಿ ಮುಗಿಸಿತ್ತು. ಬಿ.ಎಡ್. ಮಾಡಿದ ನಾನು ಅದನ್ನು ಅಳಿಸಲು ಹೋಗಿದ್ದೆ.

ಈ ಲೇಖನ ಆ ಚಾರ್ಟಿನ ವಿರುದ್ಧ.

ಆ ಚಾರ್ಟನ್ನು ನೀವೂ ನೋಡಿರುತ್ತೀರಿ. ಹೊಸಪೇಟೆಯ ಪುಸ್ತಕದಂಗಡಿಯಲ್ಲೂ ಸಿಗುತ್ತದೆ, ಬೆಂಗಳೂರಿನಲ್ಲೂ ಸಿಗುತ್ತದೆ. ಎರಡು ಬಗೆ. ಒಂದರಲ್ಲಿ ನಾಲ್ಕು ಋತು: ಕಿತ್ತಳೆ ಬಣ್ಣದ ಎಲೆ ಉದುರಿಸುವ ಮರ, ಗಜ್ಜರಿ ಮೂಗಿನ ಹಿಮಮಾನವ. ಇನ್ನೊಂದರಲ್ಲಿ ಆರು ಋತು, ಸಂಸ್ಕೃತದ ಹೆಸರು. ಆದರೆ ಶಿಶಿರದ ಚಿತ್ರಕ್ಕೆ ಬಂದಾಗ ಚಿತ್ರಕಾರನಿಗೆ ಬೇರೆ ಏನೂ ಹೊಳೆಯದೆ ಮತ್ತದೇ ಹಿಮ. ಏಪ್ರಿಲ್ ತಿಂಗಳಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು. ಬಿಸಿಲಿಗೆ ಹೆದರಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಏಪ್ರಿಲ್, ಮೇನಲ್ಲಿ ಬೆಳಿಗ್ಗೆ 8ಕ್ಕೇ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಆ ಊರಿನ ಮಗುವಿಗೆ ಹಿಮಮಾನವನ ಚಿತ್ರಕ್ಕೆ ಬಣ್ಣ ತುಂಬಲು ಕೊಡುತ್ತೇವೆ. ಬಿಳಿ ಬಣ್ಣ. ಬಿಳಿ ಹಾಳೆಯ ಮೇಲೆ.

ಸಾಮಾನ್ಯ ಶಾಲೆಯ ಮಕ್ಕಳೂ ಇದನ್ನೇ ಕಲಿಯುತ್ತಾರಲ್ಲ ಎಂದು ಯಾರಾದರೂ ಕೇಳಬಹುದು. ಕಲಿಯುತ್ತಾರೆ, ಅವರಿಗೆ ಅದು ಅಷ್ಟು ಕೆಡುಕು ಮಾಡುವುದಿಲ್ಲ. ಎರಡು ಸುಳ್ಳು, ಒಂದು ನಿಜ ಕಲಿತ ಮಗು ಮುಂದೆ ತಾನೇ ಬೇರ್ಪಡಿಸಿಕೊಳ್ಳುತ್ತದೆ. ಪರೀಕ್ಷೆಗೆ ಒಂದು ಉತ್ತರ, ಬದುಕಿಗೆ ಇನ್ನೊಂದು ಎಂಬ ಜಾಣತನ ನಮಗೆಲ್ಲ ಒಂದನೆಯ ತರಗತಿಯಲ್ಲೇ ಬಂದಿರುತ್ತದೆ. ಬೌದ್ಧಿಕ ಅಂಗವೈಕಲ್ಯ ಇರುವ ಮಗುವಿಗೆ ಆ ಜಾಣತನ ಇಲ್ಲ. ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆಗೆ ಒಯ್ಯುವುದೇ ಅದಕ್ಕೆ ಕಷ್ಟ. ಚಿತ್ರದ ಕೊಡೆಯನ್ನು ಮೂಲೆಯಲ್ಲಿರುವ ಮುರುಕು ಕೊಡೆಗೆ ಜೋಡಿಸಲು ತಿಂಗಳು ಹಿಡಿಯಬಹುದು. ಅಂಥ ಮಗುವಿನ ವಾರದ ಒಂದು ಗಂಟೆಯನ್ನು ಹಿಮಕ್ಕೆ ಖರ್ಚು ಮಾಡುವುದು ಕಳ್ಳತನ. ಮಾಡಿದವನು ನಾನು, ಅದಕ್ಕೇ ಇಷ್ಟು ಕಟುವಾಗಿ ಹೇಳುತ್ತಿದ್ದೇನೆ.

ಹಿಮದ ಪಾಠವೇ ತಪ್ಪು ಎಂದಲ್ಲ. 1800ರ ಸುಮಾರಿಗೆ ಫ್ರಾನ್ಸಿನ ಕಾಡಿನಲ್ಲಿ ಸಿಕ್ಕ, ಮಾತು ಬಾರದ ಹುಡುಗ ವಿಕ್ಟರನಿಗೆ ಪಾಠ ಹೇಳಲು ಹೊರಟ ಇಟಾರ್ ಎಂಬ ವೈದ್ಯ, ವಿಶೇಷ ಶಿಕ್ಷಣದ ಇತಿಹಾಸದಲ್ಲಿ ಮೊದಲ ಸಾಲಿನವನು. ಹಿಮ ಬಿದ್ದ ಬೆಳಿಗ್ಗೆ ಆ ಹುಡುಗ ಹಿಗ್ಗಿ ಹೊರಗೆ ಓಡಿ ಅದರಲ್ಲಿ ಹೊರಳಾಡಿದ್ದನ್ನು ಅವನು ಬರೆದಿಟ್ಟಿದ್ದಾನೆ. ಅಲ್ಲಿ ಹಿಮ ಬಿದ್ದಿತ್ತು, ಹುಡುಗ ಹೊರಳಾಡಿದ. ನಮ್ಮಲ್ಲಿ ಹೊರಳಾಡಲು ಏನಿದೆ ಎಂದು ನಾವು ಕೇಳಿಕೊಂಡೇ ಇಲ್ಲ.

ಆರು ಋತುಗಳ ಬಗ್ಗೆ ಸಾಹಿತ್ಯದ ಓದುಗರಿಗೆ ಸಿಟ್ಟು ಬರಬಹುದು. ಹಳಗನ್ನಡದ ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳು ಬೇಕು, ಅದರಲ್ಲಿ ಋತುವರ್ಣನೆ ಒಂದು. ಕವಿ ಯಾವ ಊರಿನವನಾದರೂ ಸರಿ. ಪಂಡಿತರು ಅದನ್ನು ಕಾವ್ಯದಲ್ಲಿ ಇಟ್ಟುಕೊಳ್ಳಲಿ, ನನ್ನ ತಕರಾರಿಲ್ಲ. ಆದರೆ ಹೇಮಂತಕ್ಕೂ ಶಿಶಿರಕ್ಕೂ ಇರುವ ವ್ಯತ್ಯಾಸವನ್ನು ಹೊಸಪೇಟೆಯಲ್ಲಿ ನನಗೆ ಯಾರಾದರೂ ಮುಟ್ಟಿ ತೋರಿಸಲಿ. ಇದೇ ಹಂಪಿಯ ಹರಿಹರ ವಿರೂಪಾಕ್ಷನಿಗೆ ಹೂವು ಬಿಡಿಸುವುದನ್ನೇ ವಸ್ತು ಮಾಡಿಕೊಂಡು ‘ಪುಷ್ಪರಗಳೆ’ ಬರೆದ. ಎದುರಿಗಿದ್ದ ಗಿಡದ ಹತ್ತಿರ ಹೋದ ಕವಿ ಅವನು. ನನಗೆ ಬೇಕಾದ ಗುರು ಅವನು, ಆದರೆ ಚಾರ್ಟು ಮಾಡುವವರು ಅವನನ್ನು ಕೇಳುವುದಿಲ್ಲ.

ಈಗ ಮಳೆಗಾಲಕ್ಕೆ ಬರುತ್ತೇನೆ, ಯಾಕೆಂದರೆ ಪ್ರಾಣದ ಪ್ರಶ್ನೆ ಇರುವುದು ಅಲ್ಲಿ.

ಚಾರ್ಟಿನ ಮಳೆಗಾಲ ಹೇಗಿರುತ್ತದೆ? ಕಪ್ಪು ಮೋಡ, ಗೆರೆಗೆರೆಯಾಗಿ ಮಳೆ, ಕೊಡೆ, ಕಪ್ಪೆ, ಕಾಗದದ ದೋಣಿ. ಹಂಪಿಯ ಮಳೆಗಾಲ ಹಾಗಿಲ್ಲ. ನಮ್ಮದು ಮಳೆನೆರಳಿನ ನಾಡು. ಬಳ್ಳಾರಿ ಸೀಮೆಗೆ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್. ಆಗುಂಬೆಯಲ್ಲಿ ಜೋರು ಹಿಡಿದರೆ ಕೆಲವೇ ದಿನಗಳಲ್ಲಿ ಅಷ್ಟು ಸುರಿಯುತ್ತದೆ. ಆದರೆ ಗಂಗಾಮೂಲದಲ್ಲಿ ಹುಟ್ಟಿದ ತುಂಗೆ, ಭದ್ರೆ ಕೂಡಲಿಯಲ್ಲಿ ಕೂಡಿ ಆ ಮಳೆಯನ್ನೆಲ್ಲ ಹೊತ್ತು ಬರುವುದು ನಮ್ಮ ಅಣೆಕಟ್ಟಿಗೆ. ಅಣೆಕಟ್ಟು ತುಂಬಿದರೆ ಗೇಟು ತೆರೆಯುತ್ತಾರೆ. ಹಂಪಿಯಲ್ಲಿ ಒಂದು ಹನಿ ಬಿದ್ದಿರುವುದಿಲ್ಲ, ನೆತ್ತಿಯ ಮೇಲೆ ಬಿಸಿಲು ಇರುತ್ತದೆ, ನದಿ ಏರುತ್ತದೆ. ಪುರಂದರ ಮಂಟಪ ಮುಳುಗುತ್ತದೆ, ಆಚೆ ದಡಕ್ಕೆ ದೋಣಿ ನಿಲ್ಲುತ್ತದೆ, ಕೆಳಗೆ ಕಂಪ್ಲಿ-ಗಂಗಾವತಿ ಸೇತುವೆಯ ಮೇಲೆ ನೀರು ಹರಿಯುತ್ತದೆ. 2019ರ ಆಗಸ್ಟ್‌ನಲ್ಲಿ ವಿರೂಪಾಪುರ ಗಡ್ಡೆಯಲ್ಲಿ ಪ್ರವಾಸಿಗರು ನೂರಾರು ಸಂಖ್ಯೆಯಲ್ಲಿ ಸಿಕ್ಕಿಬಿದ್ದು, ದೋಣಿ, ಹೆಲಿಕಾಪ್ಟರಿನಲ್ಲಿ ಅವರನ್ನು ತರಬೇಕಾಯಿತು. ಓದು ಬಲ್ಲ, ಮೊಬೈಲು ಇರುವ, ದೇಶ ಸುತ್ತಿದ ಜನ ಅವರು.

ಮೋಡ ಇದ್ದರೆ ಮಳೆಗಾಲ, ಮಳೆ ಬಂದರೆ ನೀರು ಎಂದು ಚಾರ್ಟು ನೋಡಿ ಕಲಿತ ಮಗು, ಬಿಸಿಲಿನ ಹೊತ್ತಿನಲ್ಲಿ ಸ್ನಾನಘಟ್ಟಕ್ಕೆ ಇಳಿಯದೆ ಇರುತ್ತದೆಯೆ? ಎಚ್ಚರಿಕೆ ಕೊಡುತ್ತಾರೆ, ನಿಜ. ಡಂಗುರ ಸಾರುತ್ತಾರೆ, ಆಟೋಗೆ ಮೈಕು ಕಟ್ಟಿ ಕೂಗುತ್ತಾರೆ. ಕಿವಿ ಕೇಳದ ಮಗುವಿಗೆ ಆ ಮೈಕು ಸುಮ್ಮನೆ ಹಾದುಹೋಗುವ ಆಟೋ. ‘ನದಿ ಪಾತ್ರದ ಜನರು ಸುರಕ್ಷಿತ ಸ್ಥಳಗಳಿಗೆ ತೆರಳತಕ್ಕದ್ದು’ ಎಂಬ ಕನ್ನಡ ನನ್ನ ಯಾವ ವಿದ್ಯಾರ್ಥಿಗೂ ಅರ್ಥವಾಗುವುದಿಲ್ಲ. (ನಿಜ ಹೇಳಬೇಕೆಂದರೆ ಅವರ ಅಪ್ಪ-ಅಮ್ಮಂದಿರಿಗೂ ಆಗುವುದಿಲ್ಲ.)

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನು ಕಡಿದು ಗೇಟೇ ಕೊಚ್ಚಿಹೋಯಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದರು. ತಾತ್ಕಾಲಿಕ ಗೇಟು ಕೂರಿಸಲು ಸುಮಾರು ಒಂದು ವಾರ ಹಿಡಿಯಿತು. ಆ ವಾರ ಊರೆಲ್ಲ ಟಿ.ಎಂ.ಸಿ., ಕ್ಯೂಸೆಕ್ ಎಂದು ಮಾತಾಡುತ್ತಿತ್ತು. ನಾನು ನನ್ನ ಫೈಲುಗಳನ್ನು ತೆರೆದು ನೋಡಿದೆ. ‘ನದಿ’ ಎಂಬ ಪದ ಒಂದರಲ್ಲೂ ಇರಲಿಲ್ಲ. ‘ಹಿಮ’ ಇತ್ತು.

ಕಡ್ಡಿರಾಂಪುರದ ಆ ತಾಯಿ, ಶಾಲೆಯ ಮೆಟ್ಟಿಲು ಹತ್ತದವಳು, ಮಗಳಿಗೆ ಇದನ್ನು ಆಗಲೇ ಕಲಿಸಿಬಿಟ್ಟಿದ್ದಳು. ಗುಡಿಯ ಆನೆ ಲಕ್ಷ್ಮಿ ಬೆಳಿಗ್ಗೆ ನದಿಗೆ ಮೀಯಲು ಹೋಗುವುದು ಹಂಪಿಯಲ್ಲಿ ಎಲ್ಲರಿಗೂ ಗೊತ್ತು. ಅವಳ ನಿಯಮ ಇಷ್ಟೇ: “ಆನಿ ನೀರಿಗಿ ಇಳಿಲಿಲ್ಲಂದ್ರ ನಾವೂ ಇಳಿಯಂಗಿಲ್ಲ.” ನಾನು ಕಲಿತ ಯಾವ ಬೋಧನಾ ವಿಧಾನದಲ್ಲೂ ಇದಕ್ಕಿಂತ ಒಳ್ಳೆಯ ಪಾಠ ಯೋಜನೆ ಇಲ್ಲ. ಒಂದು ಗುರುತು, ಕಣ್ಣಿಗೆ ಕಾಣುವಂಥದ್ದು, ದಿನಾ ಅದೇ ಹೊತ್ತಿಗೆ. ಅದಕ್ಕೆ ಕಟ್ಟಿದ ಒಂದು ಕೆಲಸ. ಆಮೇಲೆ ನಾನು ಮಾಡಿದ್ದು ಅದಕ್ಕೆ ಎರಡನೆಯ ಗುರುತು ಸೇರಿಸಿದ್ದು ಮಾತ್ರ, ಆನೆ ಬಾರದ ದಿನಕ್ಕೆ ಬೇಕಲ್ಲ: ಘಟ್ಟದ ಮೆಟ್ಟಿಲುಗಳಲ್ಲಿ ಒಂದನ್ನು ಆರಿಸಿ, ಅದು ಕಾಣದಿದ್ದರೆ ಹಿಂದಕ್ಕೆ ತಿರುಗುವುದು. ಮೂರು ತಿಂಗಳು ಅದೊಂದೇ ಪಾಠ.

ಇಲ್ಲಿ ಇನ್ನೊಂದು ಬಣದವರು ಮಾತಾಡುತ್ತಾರೆ. ‘ಇವಕ್ಕೆಲ್ಲ ಋತು ಯಾಕೆ ಸರ್? ಹಲ್ಲುಜ್ಜುವುದು, ಗುಂಡಿ ಹಾಕುವುದು, ಕಕ್ಕಸಿಗೆ ಹೋಗುವುದು ಕಲಿಸಿದರೆ ಸಾಕು.’ ಜೀವನ ಕೌಶಲ ಎಂಬ ದೊಡ್ಡ ಹೆಸರು ಇದಕ್ಕೆ. ಕೇಳಲು ವ್ಯಾವಹಾರಿಕ ಅನಿಸುತ್ತದೆ. ಆದರೆ ಗುಂಡಿ ಯಾವ ಬಟ್ಟೆಗೆ? ಏಪ್ರಿಲ್‌ನಲ್ಲಿ ಸ್ವೆಟರ್ ಹಾಕಿಕೊಂಡು ಗುಂಡಿಯನ್ನೆಲ್ಲ ಸರಿಯಾಗಿ ಹಾಕಿದ ಹುಡುಗನಿಗೆ ‘ಕೌಶಲ ಸಾಧಿಸಲಾಗಿದೆ’ ಎಂದು ಬರೆದ ಶಿಕ್ಷಕರನ್ನು ನಾನು ಬಲ್ಲೆ. ಫಿಟ್ಸ್‌ಗೆ ಕೊಡುವ ಟೊಪಿರಮೇಟ್‌ನಂಥ ಕೆಲವು ಔಷಧಿಗಳು ಮಕ್ಕಳಲ್ಲಿ ಬೆವರುವುದನ್ನೇ ಕಡಿಮೆ ಮಾಡಬಹುದು. ಮೈ ಕಾಯುತ್ತದೆ, ಬೆವರು ಬರುವುದಿಲ್ಲ. ಮಾತು ಬಾರದ ಮಗು ‘ಸೆಕೆ’ ಎಂದು ತೋರಿಸಲು ಒಂದು ಸನ್ನೆ, ಒಂದು ಚಿತ್ರ, ಒಂದು ಬೀಸಣಿಗೆ ಇಲ್ಲದಿದ್ದರೆ ಏನು ಮಾಡಬೇಕು? ಅಳುತ್ತದೆ, ತಲೆ ಚಚ್ಚಿಕೊಳ್ಳುತ್ತದೆ. ನಾವು ಅದಕ್ಕೆ ‘ವರ್ತನಾ ಸಮಸ್ಯೆ’ ಎಂದು ಬರೆಯುತ್ತೇವೆ. ಆ ಪದವನ್ನು ಬರೆಯುವ ಮೊದಲು ಶಿಕ್ಷಕರು ಒಮ್ಮೆ ಆ ತಗಡಿನ ಸೂರನ್ನು ಮುಟ್ಟಿ ನೋಡಲಿ. ಮಂಟಪದ ಕಲ್ಲುಚಾವಣಿಯ ಕೆಳಗೆ ಬೆಳೆಯಬೇಕಿದ್ದ ಮಕ್ಕಳು ತಗಡಿನ ಕೆಳಗೆ ಬೆಳೆಯುತ್ತಿವೆ. ಮಳೆ ಬಂದರೆ ನಮಗೆ ಸಂಗೀತ. ಆಟಿಸಂ ಇರುವ ಮಗು ಆ ಸದ್ದಿಗೆ ಕಿವಿ ಮುಚ್ಚಿಕೊಂಡು ಮಂಚದಡಿ ಸೇರಿಕೊಳ್ಳುತ್ತದೆ.

ಮೂರನೆಯ ಬಣ ಇನ್ನೂ ಅಪಾಯ, ಯಾಕೆಂದರೆ ಅವರು ಒಳ್ಳೆಯವರು. ‘ಇವು ದೇವರ ಮಕ್ಕಳು, ಪ್ರಕೃತಿ ಇವಕ್ಕೆ ತಾನಾಗಿ ತಿಳಿಯುತ್ತದೆ’ ಎನ್ನುವವರು. ತಾನಾಗಿ ಏನೂ ತಿಳಿಯುವುದಿಲ್ಲ. ತಿಳಿದದ್ದರ ಹಿಂದೆ ಒಬ್ಬ ತಾಯಿ ಇರುತ್ತಾಳೆ, ಸಾವಿರ ಸಲ ಹೇಳಿ ಸುಸ್ತಾದವಳು. ಮುಂದಕ್ಕೆ ಹೋಗೋಣ.

ಚಿತ್ರವೇ ಕಾಣದ ಮಕ್ಕಳಿಗೆ ಚಾರ್ಟು ಏನು ಮಾಡುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಹೆಲೆನ್ ಕೆಲರ್ ಎಂದರೆ ಎಲ್ಲರಿಗೂ 1887ರ ಆ ಕೊಳಾಯಿ, ಅಂಗೈ ಮೇಲಿನ ನೀರು ನೆನಪಾಗುತ್ತದೆ. 1908ರಲ್ಲಿ ಬಂದ ‘ದ ವರ್ಲ್ಡ್ ಐ ಲಿವ್ ಇನ್’ ಪುಸ್ತಕದಲ್ಲಿ ಆಕೆ ಇನ್ನೊಂದು ಸಂಗತಿ ಹೇಳುತ್ತಾಳೆ: ಬಿರುಗಾಳಿ ಮಳೆ ಬರುವ ಎಷ್ಟೋ ಹೊತ್ತಿನ ಮೊದಲೇ ತನಗೆ ಅದು ವಾಸನೆಯಿಂದ ತಿಳಿಯುತ್ತದೆ ಎಂದು. ಅಷ್ಟು ದೂರ ಯಾಕೆ, ಇಲ್ಲಿಂದ ರೈಲು ಹತ್ತಿದರೆ ಗದಗ. ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಎಷ್ಟೊಂದು ಮಕ್ಕಳಿಗೆ ಸಂಗೀತ ಕಲಿಸಿದರು. ಗುರುಗಳಿಬ್ಬರೂ ಅಂಧರೇ. ಅವರು ಕಲಿಸಿದ ಸಂಗೀತದಲ್ಲಿ ಮಳೆಗೆ ಮಲ್ಹಾರ್ ಇದೆ, ವಸಂತಕ್ಕೆ ಬಸಂತ್, ಬಹಾರ್ ಇವೆ. ಋತು ಅಲ್ಲಿ ಕಿವಿಯಿಂದ ಒಳಗೆ ಹೋಯಿತು. ಈ ನಾಡಿನಲ್ಲಿ ವಿಶೇಷ ಶಿಕ್ಷಣಕ್ಕೆ ಪೂರ್ವಸೂರಿಗಳಿಲ್ಲ ಎಂದು ತರಬೇತಿಯಲ್ಲಿ ಯಾರಾದರೂ ಹೇಳಿದರೆ ನಾನು ಎದ್ದು ನಿಲ್ಲುತ್ತೇನೆ.

ಹಾಗಾದರೆ ಏನು ಮಾಡಬೇಕು? ನಾನು ಕಂಡದ್ದನ್ನು ಹೇಳುತ್ತೇನೆ, ಎಲ್ಲ ಕಡೆ ನಡೆಯುತ್ತದೆ ಎಂದಲ್ಲ.

ಒಂದು ಹಸಿ ಟವೆಲು ಸಾಕು. ಪಾಠ ಶುರುವಾಗುವಾಗ ಮಗುವಿನ ಕೈಯಲ್ಲೇ ಅದ್ದಿಸಿ, ಹಿಂಡಿಸಿ, ಹೊರಗಿನ ಬಂಡೆಯ ಮೇಲೆ ಹಾಕಿಸಬೇಕು. ಮುಗಿದಾಗ ಮುಟ್ಟಿ ನೋಡಿಸಬೇಕು. ಏಪ್ರಿಲ್‌ನಲ್ಲಿ ಪಾಪಡದಂತೆ ಒಣಗಿರುತ್ತದೆ, ಜುಲೈ ಮೋಡದಲ್ಲಿ ಹಾಗೇ ಇರುತ್ತದೆ, ಡಿಸೆಂಬರ್‌ನಲ್ಲಿ ತಣ್ಣಗೆ ಕೊರೆಯುತ್ತದೆ. ಕಣ್ಣಿಲ್ಲದವರಿಗೂ ಆಗುತ್ತದೆ, ಕಿವಿ ಇಲ್ಲದವರಿಗೂ ಆಗುತ್ತದೆ. ಎರಡನೆಯದು ಡಬ್ಬಿ. ಕಣ್ಣು, ಕಿವಿ ಎರಡೂ ಇಲ್ಲದ ಮಕ್ಕಳ ಜೊತೆ ದುಡಿದ ನೆದರ್ಲೆಂಡ್ಸ್‌ನ ಯಾನ್ ವಾನ್ ಡೈಕ್ ಅವರ ದಾರಿಯಲ್ಲಿ ಬೆಳೆದ ಉಪಾಯ: ದಿನಗಳನ್ನು ಬರೆಯುವುದರ ಬದಲು ಡಬ್ಬಿಗಳಲ್ಲಿ ವಸ್ತುಗಳಾಗಿ ಇಡುವುದು. ನಮ್ಮ ಡಬ್ಬಿಗೆ ಸಾಮಾನು ಸಂತೆಯಲ್ಲೇ ಇದೆ. ಯುಗಾದಿಗೆ ಬೇವಿನ ಹೂವು, ಆಮೇಲೆ ಮಾವಿನ ವಾಟೆ, ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನ ಎತ್ತು, ಪಂಚಮಿಗೆ ಜೋಕಾಲಿ ಹಗ್ಗದ ತುಂಡು, ಸೀತಾಫಲದ ಬೀಜ, ಚಳಿಗೆ ಹಸಿಕಡಲೆಯ ಗಿಡ, ಬಾರಿಹಣ್ಣು, ಆಮೇಲೆ ಹುಣಸೆ. ಹಸಿಕಡಲೆಯ ಗಿಡ ಮುಟ್ಟಿದ ಬೆರಳನ್ನು ನೆಕ್ಕಿದರೆ ಹುಳಿ. ಒಬ್ಬ ಹುಡುಗ ವರ್ಷವಿಡೀ ಆ ಹುಳಿಗಾಗಿ ಕಾಯುತ್ತಾನೆ. ಅವನಿಗೆ ಚಳಿಗಾಲ ಎಂದರೆ ನಾಲಿಗೆ ಹೊರಚಾಚುವುದು. ಸಂಡೂರಿನ ಕಡೆಯ ಮಗುವಿಗಾದರೆ ರಸ್ತೆ ಪಕ್ಕದ ಒಂದು ಎಲೆ: ಬೇಸಿಗೆಯಲ್ಲಿ ಉಜ್ಜಿದರೆ ಬೆರಳೆಲ್ಲ ಅದಿರಿನ ಕೆಂಪು, ಮಳೆ ಬಿದ್ದ ಮೇಲೆ ಹಸಿರು. ಸೆಪ್ಟೆಂಬರ್‌ನಲ್ಲಿ ಸಂಡೂರು ನೋಡಬೇಕು ಎಂದು ಗಾಂಧೀಜಿ ಹೇಳಿದರೆಂದು ಅಲ್ಲಿನವರು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಆ ಸೆಪ್ಟೆಂಬರನ್ನು ಬೆರಳಿನಿಂದ ನೋಡಬಹುದು.

ಇಷ್ಟೆಲ್ಲ ಹೇಳಿದ ನಾನೇ ಮತ್ತೊಮ್ಮೆ ಎಡವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಆಟಿಸಂ ಇರುವ ಒಬ್ಬ ಹುಡುಗ, ಕಮಲಾಪುರದ ಕಡೆಯವನು, ತಿಂಗಳುಗಳನ್ನು ಬಾಯಿಪಾಠ ಹೇಳುತ್ತಿದ್ದ. ‘ಜೂನ್ ಬಂತು, ಮಳೆ ಬಂತು’ ಎಂದು ನಾನು ಕಲಿಸಿದ್ದೆ. 2023ರ ಜೂನ್ ಬಂತು. ಮಳೆ ಬರಲಿಲ್ಲ. ಆ ವರ್ಷ ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದರು. ಹುಡುಗ ದಿನಾ ಬೆಳಿಗ್ಗೆ ಕೊಡೆ ಬಿಚ್ಚಿಕೊಂಡು ಹೊಸ್ತಿಲ ಮೇಲೆ ನಿಲ್ಲುತ್ತಿದ್ದ. ಕೊಡೆ ಮುಚ್ಚಲು ಬಿಡುತ್ತಿರಲಿಲ್ಲ, ಒಳಗೆ ಬಾ ಎಂದರೆ ಕೈ ಕಚ್ಚಿಕೊಳ್ಳುತ್ತಿದ್ದ. ಅವನಜ್ಜಿ ನನ್ನನ್ನು ಬೈಯಲಿಲ್ಲ. “ಯಪ್ಪಾ, ಮಳಿ ಯಾರ ಮಾತು ಕೇಳ್ತೈತಿ? ರೋಹಿಣಿ ಆದ್ರ ರೋಹಿಣಿ, ಇಲ್ಲಂದ್ರ ಮಿರಗ. ಅದೂ ಇಲ್ಲಂದ್ರ ಆರಿದ್ರಿ. ‘ಬಂದ್ರ ಬರಬೌದು’ ಅಂತ ಹೇಳಬೇಕಿತ್ತು ನೀನು” ಎಂದಳು.

ರೈತರು ಮಳೆಗಳಿಗೆ ನಕ್ಷತ್ರದ ಹೆಸರಿಟ್ಟು, ಹದಿಮೂರು ಹದಿನಾಲ್ಕು ದಿನಕ್ಕೊಂದರಂತೆ ಎಣಿಸುತ್ತಾ ಬಂದದ್ದು ಇದೇ ‘ಬರಬೌದು’ ಎಂಬುದನ್ನು ಹಿಡಿಯಲು. ಒಂದು ಮಳೆ ಕೈಕೊಟ್ಟರೆ ಮುಂದಿನದು ಸಾಲಿನಲ್ಲಿರುತ್ತದೆ. ಹವಾಮಾನ ಇಲಾಖೆಯೂ ‘ಸಾಧ್ಯತೆ ಇದೆ’ ಎಂದೇ ಹೇಳುತ್ತದೆ. ಖಚಿತವಾಗಿ ಹೇಳುವವನು ಚಾರ್ಟಿನವನೊಬ್ಬನೇ. ಅಜ್ಜಿಯ ಮಾತಿನಿಂದ ಒಂದು ಕಾರ್ಡು ಮಾಡಿದೆ: ಅರ್ಧ ಸೂರ್ಯ, ಅರ್ಧ ಮೋಡ. ‘ಬರಬೌದು’ ಕಾರ್ಡು. ದಿನಾ ಬೆಳಿಗ್ಗೆ ಕೊಡೆಯ ಪಕ್ಕ ಆ ಕಾರ್ಡು, ಸಂಜೆ ಅದನ್ನು ತೆಗೆದು ‘ಬಂತು’ ಅಥವಾ ‘ಬರಲಿಲ್ಲ’. ಕೊಡೆ ಮುಚ್ಚಿಡಲು ಅವನು ಒಪ್ಪಿದ್ದು ಆಗಸ್ಟ್ ಕೊನೆಗೆ. ಈಗ ಬಸ್ಸಿಗೂ ಆ ಕಾರ್ಡು ಬಳಸುತ್ತಾನೆ.

ಇದಕ್ಕೆಲ್ಲ ಸಮಯ ಬೇಕು, ಜನ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ, ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಇರಬೇಕು ಎಂದಿತು. ನನ್ನ ಪಟ್ಟಿಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂದು ಹೇಳಿದರೆ ನೀವು ನಂಬುವುದಿಲ್ಲ, ನಂಬಿದರೆ ನನ್ನ ಕೆಲಸಕ್ಕೆ ಕಷ್ಟ. ಆದರೆ ಶಿಕ್ಷಕರ ಕೊರತೆಯನ್ನು ನೆಪ ಮಾಡಿಕೊಂಡು ಸುಳ್ಳು ಪಾಠ ಹೇಳುವುದನ್ನು ನಾನು ಒಪ್ಪಲಾರೆ. ಹಸಿ ಟವೆಲಿಗೆ ಅನುದಾನ ಬೇಕಿಲ್ಲ.

ಮುಂದಿನ ವಾರ ನಮಗೆ ಎರಡು ದಿನದ ತರಬೇತಿ ಇದೆ. ವಿಷಯ: ಕಲಿಕಾ ಸಾಮಗ್ರಿ ತಯಾರಿಕೆ, ಪರಿಸರ ಅಧ್ಯಯನ. ಪ್ರತಿಯೊಬ್ಬರೂ ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು, ಹತ್ತಿ (ಹಿಮಕ್ಕೆ) ತರಬೇಕೆಂದು ವಾಟ್ಸ್ಆಪ್‌ನಲ್ಲಿ ಸೂಚನೆ ಬಂದಿದೆ. ನಾನು ಹತ್ತಿ ಒಯ್ಯುವುದಿಲ್ಲ. ಆ ಹುಡುಗಿಯನ್ನೂ ಅವಳವ್ವನನ್ನೂ ಕರೆದುಕೊಂಡು ಹೋಗಲು ಅನುಮತಿ ಕೇಳಿದ್ದೇನೆ. ಆಫ್ ಸೀಜನ್ನು, ಬುಟ್ಟಿಗೆ ಗಿರಾಕಿಗಳಿಲ್ಲ, ಬರ್ತೀನಿ ಅಂದಿದ್ದಾಳೆ.